ಹಂಚಿನ ಮುಂದಿನ ಲೆಕ್ಕ

ಗಜೇಂದ್ರಗಡ ತಾಲ್ಲೂಕಿನ ಪುರ್ತಗೇರಿಯಿಂದ ಹಿಡಿದು ರೋಣ, ನರಗುಂದದ ಎರೆಹೊಲಗಳ ತನಕ ಈ ಸೀಮೆಯ ನಿಜವಾದ ಬೇಕರಿ ಎಂದರೆ ರೊಟ್ಟಿಯ ಹಂಚು. ಬ್ರೆಡ್ಡು, ಖಾರಿ, ಟೋಸ್ಟು ಮಾರುವ ಅಂಗಡಿಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಆದರೆ ದಿನದ ಊಟ ಬೇಯುವುದು ಹಂಚಿನ ಮೇಲೆ. ಬಾಲ್ಯದಿಂದ ಕೈ ಪಳಗಿದ ಹೆಣ್ಣುಮಕ್ಕಳಿಗೆ ಮನೆಯ ಹತ್ತಿರವೇ ನಾಲ್ಕು ಕಾಸು ಹುಟ್ಟುವುದು ಅದರ ಮುಂದೆ. ಗರಿಗರಿಯಾದ ಕಟಕ ರೊಟ್ಟಿಯ ಕಟ್ಟುಗಳು ಬಸ್ಸು ಹತ್ತಿ ಹುಬ್ಬಳ್ಳಿಗೆ, ಬೆಂಗಳೂರಿಗೆ ಹೋಗುವುದೂ ಅಲ್ಲಿಂದಲೇ.

ಉತ್ತರ ಕರ್ನಾಟಕದ ಪೇಟೆಗಳಲ್ಲಿ ‘ಇಲ್ಲಿ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ ಸಿಗುತ್ತವೆ’ ಎಂಬ ಬೋರ್ಡು ಈಗ ಓಣಿಗೊಂದು ಕಾಣುತ್ತದೆ. ಒಳಗೆ ಹೋದರೆ ದೊಡ್ಡ ಕಾರ್ಖಾನೆಯೇನೂ ಇರುವುದಿಲ್ಲ. ಮನೆಯ ಪಡಸಾಲೆ ಅಥವಾ ಹಿತ್ತಲಿನ ತಗಡಿನ ಶೆಡ್ಡು, ಎರಡು ಮೂರು ಒಲೆ, ನಾಲ್ಕಾರು ಜನ. ಕೆಲವು ಕೇಂದ್ರಗಳನ್ನು ಸ್ವಸಹಾಯ ಸಂಘದ ಸದಸ್ಯೆಯರು ಕೂಡಿ ನಡೆಸುತ್ತಾರೆ, ಕೆಲವನ್ನು ಒಂದೇ ಕುಟುಂಬ. ಖಾನಾವಳಿ, ಮದುವೆ ಮನೆ, ಊರು ಬಿಟ್ಟು ಹೋದ ನೌಕರದಾರರು ಇವರ ಗಿರಾಕಿಗಳು. ಇಂಥ ಕೇಂದ್ರಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತಿದೆ. ಆರ್ಡರ್ ಇದೆ, ಜೋಳ ಇದೆ, ಕೈಗಳೂ ಇವೆ. ಆದರೂ ಸಂಜೆ ಎಣಿಸಿದರೆ ರೊಟ್ಟಿ ಅಷ್ಟೇ. ಯಾಕೆ? ಉತ್ತರ ಹುಡುಕಬೇಕಾದರೆ ರೊಟ್ಟಿ ನಡೆದುಬರುವ ದಾರಿಯನ್ನು ಮೊದಲಿನಿಂದ ನೋಡಬೇಕು.

ದಾರಿ ಶುರುವಾಗುವುದು ಹೊಲದಲ್ಲಿ. ಇಲ್ಲಿನ ಎರೆಮಣ್ಣಿನಲ್ಲಿ ಹಿಂಗಾರಿ ಬಿಳಿಜೋಳ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತನೆಯಾಗಿ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಕಟಾವಿಗೆ ಬರುತ್ತದೆ. ರೊಟ್ಟಿಗೆ ಮಾಲದಂಡಿ ಜೋಳ, ಅಂದರೆ ಎಂ 35-1 ತಳಿಯೇ ಆಗಬೇಕೆಂದು ಹಟ ಹಿಡಿಯುವವರು ಈಗಲೂ ಇದ್ದಾರೆ. ಸುಗ್ಗಿಯಲ್ಲಿ ಕೊಂಡ ಜೋಳವನ್ನು ಚೆನ್ನಾಗಿ ಒಣಗಿಸಿಟ್ಟರೆ ವರ್ಷವಿಡೀ ಬಾಳುತ್ತದೆ. ಹಿಟ್ಟು ಬಾಳುವುದಿಲ್ಲ. ಕಾಳಿನ ಮೊಳಕೆಯ ಭಾಗದಲ್ಲಿರುವ ಎಣ್ಣೆಯಂಶ ಬೀಸಿದ ಮೇಲೆ ಗಾಳಿಗೆ ಸಿಕ್ಕು ಕೆಡುತ್ತದೆ, ಹಿಟ್ಟು ಕಹಿಯಾಗುತ್ತದೆ, ಜಿಗಿ ಹೋಗುತ್ತದೆ. ಜಿಗಿ ಹೋದ ಹಿಟ್ಟಿನ ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ. ಹಾಗಾಗಿ ಬುದ್ಧಿವಂತ ಕೇಂದ್ರಗಳು ದಾಸ್ತಾನನ್ನು ಕಾಳಿನ ರೂಪದಲ್ಲಿ ಇಡುತ್ತವೆ, ಎರಡು ಮೂರು ದಿನಕ್ಕೊಮ್ಮೆ ಮಾತ್ರ ಗಿರಣಿಗೆ ಕಳಿಸುತ್ತವೆ. ಹಸನು ಮಾಡುವುದು, ಬೀಸಿಸುವುದು, ಸಾಣಿಸುವುದು ಇವೆಲ್ಲ ಮೊದಲೇ ಮುಗಿಸಿಕೊಳ್ಳಬಹುದಾದ ಕೆಲಸಗಳು. ಕರೆಂಟು ಕೈಕೊಟ್ಟ ದಿನವೊಂದನ್ನು ಬಿಟ್ಟರೆ ರೊಟ್ಟಿ ಇಲ್ಲಿ ಸಿಕ್ಕಿಬೀಳುವುದು ಕಡಿಮೆ.

ಮುಂದಿನದು ಎಸರು. ಗೋಧಿಯಲ್ಲಿ ಗ್ಲುಟೆನ್ ಇದೆ, ತಣ್ಣೀರು ಹಾಕಿ ನಾದಿದರೂ ಕಣಕ ಎಳೆದಂತೆ ಬರುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರಳಿ ಅಂಟಾಗುತ್ತದೆ. ಆ ಅಂಟೇ ರೊಟ್ಟಿಯನ್ನು ಹಿಡಿದಿಡುವುದು. ನಾದಿದ ಹಿಟ್ಟು ಹೆಚ್ಚು ಹೊತ್ತು ಕಾಯುವುದಿಲ್ಲ, ಆರಿ ಬಿರಿಯುತ್ತದೆ. ಆದ್ದರಿಂದ ಬೆಳಿಗ್ಗೆಯೇ ಇಡೀ ದಿನದ ಹಿಟ್ಟು ನಾದಿಟ್ಟು ನಿಶ್ಚಿಂತರಾಗುವ ಹಾಗಿಲ್ಲ. ಸ್ವಲ್ಪ ಸ್ವಲ್ಪವೇ ನಾದಬೇಕು, ನಾದಿದ್ದು ಮುಗಿಯುವ ಹೊತ್ತಿಗೆ ಇನ್ನೊಂದು ಎಸರು ಸಿದ್ಧವಿರಬೇಕು.

ಆಮೇಲೆ ಬಡಿಯುವುದು. ಉಂಡೆಗೆ ಒಣಹಿಟ್ಟು ಹಚ್ಚಿ, ಒಂದು ಕೈ ಬಡಿಯುತ್ತ ಇನ್ನೊಂದು ಕೈ ತಿರುಗಿಸುತ್ತ, ಹಂಚಿನಗಲ ಆಗುವ ತನಕ ನಡೆಯುವ ಆ ಸಪ್ಪಳವನ್ನು ಈ ಸೀಮೆಯವರಿಗೆ ವಿವರಿಸಬೇಕಿಲ್ಲ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲಿನ ಒಣಹಿಟ್ಟು ಹೋಗುವಂತೆ ನೀರಿನ ಅರಿವೆ ಸವರಿ, ನೀರು ಆರಿದ ಕೂಡಲೇ ಮಗುಚಬೇಕು. ಇಲ್ಲೊಂದು ಸೂಕ್ಷ್ಮವಿದೆ, ಇಡೀ ಉದ್ಯೋಗದ ಕೀಲಿ ಇದೇ ಎಂದು ನನ್ನ ನಂಬಿಕೆ. ಬಡಿದ ರೊಟ್ಟಿ ಕಾಯುವುದಿಲ್ಲ. ಎರಡು ನಿಮಿಷ ಮಣೆಯ ಮೇಲೆ ಬಿಟ್ಟರೆ ತಳ ಅಂಟುತ್ತದೆ, ಎತ್ತುವಾಗ ಹರಿಯುತ್ತದೆ. ಬ್ರೆಡ್ಡಿನವನು ಅಚ್ಚುಗಳನ್ನು ಸಾಲಾಗಿ ಜೋಡಿಸಿಟ್ಟು ಒಲೆಯ ಸರದಿಗೆ ಕಾಯಬಲ್ಲ. ಅವನ ಕಣಕ ಕಾಯುತ್ತಲೇ ಹುಳಿಬಂದು ಉಬ್ಬುತ್ತದೆ. ರೊಟ್ಟಿಯವಳಿಗೆ ಆ ಸವಲತ್ತಿಲ್ಲ. ಬಡಿಯುವ ಕೈಗೂ ಹಂಚಿಗೂ ನಡುವೆ ಬಿಡುವೇ ಇಲ್ಲ. ಹಂಚು ತಡವಾದರೆ ಕೈ ಸುಮ್ಮನೆ ಕೂರುತ್ತದೆ, ಕೈ ತಡವಾದರೆ ಹಂಚು ಬರಿದೆ ಉರಿದು ಗ್ಯಾಸು ಖರ್ಚಾಗುತ್ತದೆ.

ಲೆಕ್ಕಕ್ಕೆಂದು ಹೀಗೆ ಹಿಡಿಯೋಣ. ಪಳಗಿದ ಕೈ ಒಂದು ರೊಟ್ಟಿ ಬಡಿಯಲು ಒಂದು ನಿಮಿಷ, ಹಂಚಿನ ಮೇಲೆ ಅದು ಬೇಯಲು ಒಂದೂವರೆ ನಿಮಿಷ. ಒಬ್ಬರು ಬಡಿಯುವವರು, ಒಬ್ಬರು ಬೇಯಿಸುವವರು, ಒಂದು ಹಂಚು ಇದ್ದರೆ ತಾಸಿಗೆ 60 ಬಡಿಯಬಹುದು, ಬೇಯುವುದು 40 ಮಾತ್ರ. ಹಂಚೇ ಇಕ್ಕಟ್ಟು. ಇನ್ನೊಂದು ಹಂಚು ಹೂಡಿದರೆ ಬೇಯಿಸುವ ಬಲ 80ಕ್ಕೆ ಏರುತ್ತದೆ, ಆದರೆ ಬರುವುದು 60. ಈಗ ಇಕ್ಕಟ್ಟು ಕೈಗೆ ಸರಿಯಿತು. ಬಡಿಯಲು ಇನ್ನೊಬ್ಬರನ್ನು ಕೂರಿಸಿದರೆ ಕೈಗಳ ಬಲ 120, ಹಂಚಿನದು 80. ಇಕ್ಕಟ್ಟು ಮತ್ತೆ ಹಂಚಿಗೇ ಬಂತು. ಮೂರನೆಯ ಹಂಚು ಬಂದಾಗ ಎರಡೂ 120ಕ್ಕೆ ಸರಿಹೋಗುತ್ತವೆ. ಇಬ್ಬರು ಬಡಿಯುವವರಿಗೆ ಮೂರು ಹಂಚು ಎನ್ನುವುದು ಈ ಲೆಕ್ಕದ ಹೊಂದಾಣಿಕೆ. ಕಾಗದದ ಮೇಲೆ ಇದು ಸಲೀಸು. ಮೂರು ಹಂಚು ನೋಡಿಕೊಳ್ಳುವವರು ಅರ್ಧ ನಿಮಿಷಕ್ಕೊಂದು ರೊಟ್ಟಿ ಹಾಕಿ, ನೀರು ಸವರಿ, ಮಗುಚಿ, ತೆಗೆಯಬೇಕು. ಒಂದು ತಾಸು ಆದೀತು, ಐದು ತಾಸು ಆಗದು. ಅಲ್ಲಿ ಸರದಿ ಬದಲಿಸಲೇಬೇಕು.

ನಿಮ್ಮ ಕೇಂದ್ರದಲ್ಲಿ ಅಂಕಿಗಳು ಬೇರೆ ಇರುತ್ತವೆ, ಲೆಕ್ಕದ ಬಗೆ ಬದಲಾಗುವುದಿಲ್ಲ. ಅತಿ ನಿಧಾನದ ಹೆಜ್ಜೆ ಯಾವುದೋ ಅದೇ ಇಡೀ ಕೇಂದ್ರದ ವೇಗ. ಇಸ್ರೇಲಿನ ಭೌತಶಾಸ್ತ್ರಜ್ಞ ಎಲಿಯಾಹು ಗೋಲ್ಡ್‌ರಾಟ್ 1984ರಲ್ಲಿ ‘ದಿ ಗೋಲ್’ ಎಂಬ ಕಾದಂಬರಿಯ ಮೂಲಕ ಕಾರ್ಖಾನೆಗಳವರಿಗೆ ತಿಳಿಹೇಳಿದ್ದು ಇದನ್ನೇ: ಇಕ್ಕಟ್ಟಿನ ಜಾಗದಲ್ಲಿ ಕಳೆದುಹೋದ ಒಂದು ತಾಸು ಇಡೀ ಕಾರ್ಖಾನೆಯ ಒಂದು ತಾಸು, ಬೇರೆ ಕಡೆ ಉಳಿಸಿದ ತಾಸು ಬರೀ ಭ್ರಮೆ. ನಾದುವ ಯಂತ್ರ ತಂದು ಅರ್ಧ ತಾಸು ಉಳಿಸಿದರೂ ಹಂಚು ಅಷ್ಟೇ ಇದ್ದರೆ ಸಂಜೆಯ ಎಣಿಕೆ ಬದಲಾಗದು. ನಾದುವವರ ರಟ್ಟೆ ನೋವು ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ ಆ ಯಂತ್ರ ತರುವುದಾದರೆ ಖಂಡಿತ ತರಲಿ, ಅದೇ ಸಾಕಷ್ಟು ದೊಡ್ಡ ಕಾರಣ. ಹೆಚ್ಚು ರೊಟ್ಟಿ ಬರುತ್ತದೆಂಬ ಆಸೆಯಿಂದ ತಂದರೆ ಮಾತ್ರ ನಿರಾಸೆ ಕಾದಿದೆ.

ಬಿಸಿ ರೊಟ್ಟಿಯ ದಾರಿ ಇಲ್ಲಿಗೆ ಮುಗಿಯಿತು. ಕಟಕ ರೊಟ್ಟಿಗೆ ಇನ್ನೂ ಒಂದು ಹೆಜ್ಜೆಯಿದೆ, ಅಲ್ಲೇ ಮಳೆಗಾಲದ ಕಷ್ಟ ಅಡಗಿದೆ. ಬೆಂದ ರೊಟ್ಟಿಯನ್ನು ಸಣ್ಣ ಉರಿಯ ಹಂಚಿನ ಮೇಲೆ ಅಥವಾ ಒಲೆಯ ಮಗ್ಗುಲಲ್ಲಿ ಇಟ್ಟು, ಅದರೊಳಗಿನ ನೀರು ಹೋಗಿ ಮುರಿದರೆ ಟಣ್ಣೆನ್ನುವ ತನಕ ಗರಿಗರಿ ಮಾಡಬೇಕು. ಹಸಿ ಉಳಿದರೆ ಕಟ್ಟಿನೊಳಗೆ ಬೂಷ್ಟು ಬರುತ್ತದೆ, ಒಂದು ರೊಟ್ಟಿಯ ಹಸಿ ಇಡೀ ಕಟ್ಟನ್ನು ಕೆಡಿಸುತ್ತದೆ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸರಳ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಹೊತ್ತಿನಲ್ಲಿ ಒಳಗಿರುವ ವಸ್ತುಗಳ ಸಂಖ್ಯೆ ಎಂದರೆ ಅವು ಬರುವ ವೇಗ ಮತ್ತು ಒಳಗೆ ಕಳೆಯುವ ಸಮಯ ಇವೆರಡರ ಗುಣಲಬ್ಧ. ತಾಸಿಗೆ 120 ಅಂದರೆ ನಿಮಿಷಕ್ಕೆ 2 ರೊಟ್ಟಿ. ಒಂದೊಂದು ಗರಿಯಾಗಲು 10 ನಿಮಿಷ ಬೇಕಾದರೆ ಏಕಕಾಲಕ್ಕೆ 20 ರೊಟ್ಟಿಗೆ ಜಾಗ ಬೇಕು. ಜಡಿಮಳೆಯ ತಂಪಿನಲ್ಲಿ ಅದೇ 20 ನಿಮಿಷ ಹಿಡಿದರೆ 40ಕ್ಕೆ ಜಾಗ ಬೇಕು. ಜಾಗ 20ಕ್ಕೇ ಇದ್ದರೆ ಎಷ್ಟೇ ಕೈಗಳಿದ್ದರೂ ತಾಸಿಗೆ 60 ರೊಟ್ಟಿಯಷ್ಟೇ ಹೊರಬರುತ್ತದೆ. ಬೇಸಿಗೆಯಲ್ಲಿ ಹಂಚಿನಲ್ಲಿದ್ದ ಇಕ್ಕಟ್ಟು ಶ್ರಾವಣದಲ್ಲಿ ಒಣಗಿಸುವ ಜಾಗಕ್ಕೆ ಬಂದು ಕೂರುತ್ತದೆ.

ಗಿರಾಕಿಗಳ ಒತ್ತಡ ಏರುವುದೂ ಅದೇ ಶ್ರಾವಣದಲ್ಲಿ. ಪಂಚಮಿ ಎದುರಿಗಿರುವಾಗ ನಮ್ಮ ಕಡೆ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಬಗೆಬಗೆಯ ಪಲ್ಯ, ಚಟ್ನಿ ಮನೆಯಿಂದ ಮನೆಗೆ ಹೋಗುತ್ತವೆ. ಹಿಂದೆ ಎಲ್ಲ ಮನೆಯಲ್ಲೂ ವಾರ ಮೊದಲೇ ಬಡಿದಿಡುತ್ತಿದ್ದರು. ಈಗ ಅದರಲ್ಲಿ ಒಂದು ಪಾಲು ಕೇಂದ್ರಗಳ ಮೇಲೆ ಬಿದ್ದಿದೆ.

ಇಷ್ಟೆಲ್ಲ ಇಕ್ಕಟ್ಟಿಗೆ ಈ ಸೀಮೆಯೇ ಕಂಡುಕೊಂಡ ಒಂದು ಪರಿಹಾರ ನೋಡಬೇಕಾದರೆ ಜಾತ್ರೆಗೆ ಹೋಗಬೇಕು. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ನಡೆಯುತ್ತದೆ. ರೊಟ್ಟಿ, ಭಜ್ಜಿ ಪಲ್ಯ, ಕರಿಂಡಿ ಸಾವಿರಾರು ಜನರಿಗೆ ಸಿಗುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಜನವರಿಯಲ್ಲಿ ಸುತ್ತಲ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಚಕ್ಕಡಿ, ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಯಾವ ಯಂತ್ರವೂ ಇಲ್ಲದೆ ಇದು ಸಾಧ್ಯವಾದದ್ದು ಎರಡು ಕಾರಣಕ್ಕೆ. ಸಾವಿರಾರು ಮನೆಗಳ ಹಂಚು ಒಟ್ಟಿಗೆ ಕಾಯುತ್ತದೆ. ಕಟಕ ರೊಟ್ಟಿ ವಾರಗಟ್ಟಲೆ ಕೆಡದೆ ಇರುವುದರಿಂದ ಜಾತ್ರೆಯ ದಿನದ ಭಾರ ಹಿಂದಿನ ಹಲವು ದಿನಗಳ ಮೇಲೆ ಹರಡಿಕೊಳ್ಳುತ್ತದೆ. ಉತ್ಪಾದನಾ ಶಾಸ್ತ್ರ ಕಲಿಸುವ ಕಾಲೇಜುಗಳು ತಮ್ಮ ಹುಡುಗರನ್ನು ಒಮ್ಮೆಯಾದರೂ ಅಲ್ಲಿಗೆ ಕರೆತರಬೇಕು.

ಇದೇ ಬಗೆಯನ್ನು ವ್ಯಾಪಾರಕ್ಕೆ ತಂದ ಊರು ಕಲಬುರಗಿ. ಅಲ್ಲಿನ ಮಹಿಳೆಯರು ಸಹಕಾರ ಸಂಘ ಕಟ್ಟಿ, ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಲ್ಲಿ ಮಾರುತ್ತಿದ್ದಾರೆ. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿರುವ ವಿಷಯವನ್ನು 2025ರ ಜೂನ್‌ನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಹೇಳಿದ್ದರು. ನಮ್ಮ ಗದಗ ಜಿಲ್ಲೆಗೆ ಸಹಕಾರ ಹೊಸ ಪಾಠವೇನಲ್ಲ. ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಕೃಷಿ ಸಹಕಾರ ಸಂಘ ಕಟ್ಟಿದ ಜಿಲ್ಲೆಯಿದು. ಹತ್ತು ಮನೆಯವರು ತಮ್ಮ ತಮ್ಮ ಹಂಚಿನಲ್ಲಿ ಬೇಯಿಸಿ, ಒಣಗಿಸುವ ಯಂತ್ರ, ತೂಕ, ಪ್ಯಾಕಿಂಗ್ ಇವನ್ನಷ್ಟೇ ಒಂದು ಕಡೆ ಇಟ್ಟುಕೊಂಡರೆ ಮಳೆಗಾಲದ ಇಕ್ಕಟ್ಟನ್ನು ಹಂಚಿಕೊಂಡು ಬಿಡಿಸಬಹುದು. 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣಾ ಯೋಜನೆ, ಅಂದರೆ ಪಿಎಂಎಫ್ಎಂಇ ಅಡಿ ಸಾಲಕ್ಕೆ ಕೇಂದ್ರದ ಶೇ 35 ಸಹಾಯಧನದ ಜತೆಗೆ ರಾಜ್ಯವೂ ಶೇ 15 ಸೇರಿಸಿತ್ತು. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40 ಸಾವಿರ ರೂಪಾಯಿ ತನಕ ಮೂಲ ಬಂಡವಾಳದ ಅವಕಾಶವೂ ಆ ಯೋಜನೆಯಲ್ಲಿತ್ತು.

ಸಾಲ ಸಿಗುತ್ತದೆಂದು ಮೊದಲು ಕೊಳ್ಳುವುದು ಬಹಳ ಸಲ ರೊಟ್ಟಿ ಒತ್ತುವ ಯಂತ್ರವನ್ನು. ತಾಸಿಗೆ ನೂರಾರು ಎಂದು ಮಾರುವವರು ಹೇಳುತ್ತಾರೆ. ಅದು ಒತ್ತುವ ವೇಗ ಮಾತ್ರ. ಬೇಯುವ, ಗರಿಯಾಗುವ ವೇಗ ನಿಮ್ಮ ಶೆಡ್ಡಿನದು. ಯಂತ್ರದ ರೊಟ್ಟಿ ಎಲ್ಲ ಕಡೆ ಒಂದೇ ದಪ್ಪ ಇರುತ್ತದೆ. ಬಡಿದ ರೊಟ್ಟಿಯ ತೆಳುವಾದ ಅಂಚು, ಪಕಳೆ ಬಿಡುವ ಮೈ ಅದಕ್ಕಿನ್ನೂ ಬಂದಿಲ್ಲ. ಖಾನಾವಳಿಗೆ ಅದು ನಡೆದೀತು. ಊರಿನ ರುಚಿಗಾಗಿ ದೂರದಿಂದ ತರಿಸಿಕೊಳ್ಳುವವರು ಕೊಡುವ ದುಡ್ಡು ಕೈಗೆ, ಮತ್ತು ಆ ಕೈ ಯಂತ್ರದಷ್ಟು ದುಡಿಯಲಾರದು. ನೆಲದ ಮೇಲೆ ಕೂತು, ಹೊಗೆ ಕುಡಿದು, ಸೊಂಟ ಬಗ್ಗಿಸಿ ಬಡಿಯುವವರಿಗೆ ಎತ್ತರದ ಕಟ್ಟೆ, ಹೊಗೆ ಹೋಗಲು ದಾರಿ, ತಾಸಿಗೊಮ್ಮೆ ಸರದಿ ಬದಲಾವಣೆ ಇಷ್ಟನ್ನು ಕೊಟ್ಟ ಕೇಂದ್ರದಲ್ಲಿ ಮಧ್ಯಾಹ್ನದ ಮೇಲೂ ಕೈಯ ವೇಗ ಇಳಿಯುವುದಿಲ್ಲ. ಲೆಕ್ಕದ ದೃಷ್ಟಿಯಿಂದ ನೋಡಿದರೂ ಮೊದಲ ಖರ್ಚು ಇದೇ ಆಗಬೇಕು.

ರೊಟ್ಟಿ ಕೇಂದ್ರ ತೆರೆಯಬೇಕೆಂದಿರುವವರು, ಇರುವುದನ್ನು ಬೆಳೆಸಬೇಕೆಂದಿರುವವರು ಬ್ಯಾಂಕಿಗೆ ಹೋಗುವ ಮೊದಲು ಒಂದು ದಿನ ಗಡಿಯಾರ ಹಿಡಿದು ಹಂಚಿನ ಪಕ್ಕ ಕೂರಬೇಕು. ರೊಟ್ಟಿ ಎಲ್ಲಿ ಕಾಯುತ್ತದೆ, ಕೈ ಎಲ್ಲಿ ಕಾಯುತ್ತದೆ ಎಂದು ಬರೆದಿಡಬೇಕು. ಸುಗ್ಗಿಯಲ್ಲೊಮ್ಮೆ, ಶ್ರಾವಣದಲ್ಲೊಮ್ಮೆ. ಇನ್ನು ಕೊಳ್ಳುವವರಿಗೆ ಒಂದು ಬಿನ್ನಹ: ಮದುವೆಗೋ ಪಂಚಮಿಗೋ ಕಟಕ ರೊಟ್ಟಿ ಬೇಕಿದ್ದರೆ ಹಿಂದಿನ ದಿನ ಫೋನು ಮಾಡಬೇಡಿ. ಹತ್ತು ದಿನ ಮೊದಲು ಹೇಳಿ, ಅರ್ಧ ಹಣ ಆಗಲೇ ಕೊಡಿ. ರೊಟ್ಟಿ ಕೆಡುವುದಿಲ್ಲ, ಬಡಿಯುವವರಿಗೆ ರಾತ್ರಿ ನಿದ್ದೆಯಾದರೂ ಸಿಗುತ್ತದೆ.