ಡಬ್ಬಿ ಎಲ್ಲಿದೆ ಅಂತ ಫೋನು ಹೇಳುತ್ತೆ, ಜಾಗ ಯಾರದು?

ಬಸ್ಸು ಎಲ್ಲಿಗೆ ಬಂತು, ಬಾಕಿ ಉಳಿಸಿಕೊಂಡ ಗಿರಾಕಿಯ ಮನೆ ಯಾವ ಅಡ್ಡರಸ್ತೆಯಲ್ಲಿದೆ ಎಂದು ತೋರಿಸುವ ಜೇಬಿನ ಫೋನು, ಕಾಡಿನಲ್ಲಿ ಬಚ್ಚಿಟ್ಟ ಡಬ್ಬಿಯನ್ನೂ ತೋರಿಸಬಲ್ಲದು. ಈ ಆಟಕ್ಕೆ ‘ಜಿಯೋಕ್ಯಾಶಿಂಗ್’ ಎಂದು ಹೆಸರು. ಒಬ್ಬ ಡಬ್ಬಿ ಅಡಗಿಸಿ, ಆ ಜಾಗದ ಅಕ್ಷಾಂಶ, ರೇಖಾಂಶಗಳ ಅಂಕಿಯನ್ನು ಪ್ರಕಟಿಸ್ತಾನೆ. ಉಳಿದವರು ಹುಡುಕಿಕೊಂಡು ಹೋಗ್ತಾರೆ. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು, ತಾರೀಖು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಬಹುಮಾನ? ಏನೂ ಇಲ್ಲ!

ಕೆಲಸವಿಲ್ಲದವರ ಕೆಲಸ ಎಂದು ನಗಬೇಡಿ. ಇಂಥ ಡಬ್ಬಿಗಳು ಜಗತ್ತಿನಲ್ಲಿ 30 ಲಕ್ಷಕ್ಕೂ ಹೆಚ್ಚಿವೆ.

ಬೇಕೆಂದೇ ಬೆರೆಸಿದ ತಪ್ಪು

ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳು ಅಮೆರಿಕದ ಸೇನೆಯವು. 2000ದವರೆಗೆ ಸಾರ್ವಜನಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸಲಾಗುತ್ತಿತ್ತು. ತಕ್ಕಡಿ ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸಿದ ಹಾಗೆ. ನಿಂತ ಜಾಗಕ್ಕೂ ಯಂತ್ರ ತೋರಿಸುವ ಜಾಗಕ್ಕೂ ನೂರು ಮೀಟರಿನಷ್ಟು ವ್ಯತ್ಯಾಸ ಬರುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಸರಕಾರ 2000ದ ಮೇ 2ರಂದು ಆ ಹುಣಸೆಹಣ್ಣು ಕಿತ್ತುಹಾಕಿತು.

ಮರುದಿನವೇ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಅಲ್ಮರ್ ಎಂಬಾತ ಪ್ಲಾಸ್ಟಿಕ್ ಬಕೆಟ್ಟೊಂದನ್ನು ಅರ್ಧ ಹೂತಿಟ್ಟು ಅಂಕಿ ಪ್ರಕಟಿಸಿದ. ಒಳಗೆ ಪುಸ್ತಕ, ಪೆನ್ಸಿಲ್, ವಿಡಿಯೋ ಟೇಪು, ಕವಣೆ, ಒಂದು ಟಿನ್ ಬೀನ್ಸ್. ಮೂರು ದಿನದೊಳಗೆ ಇಬ್ಬರು ಹುಡುಕಿಯೇಬಿಟ್ಟರು! ಆಗ ಅವರ ಕೈಯಲ್ಲಿದ್ದದ್ದು ಪ್ರತ್ಯೇಕ ಜಿಪಿಎಸ್ ಯಂತ್ರ. ಇಂದು ಅದೇ ಕೆಲಸವನ್ನು ಫೋನೊಳಗಿನ ಚಿಪ್ಪು ಮಾಡುತ್ತೆ.

ಕೊನೆಯ ಐದು ಮೀಟರು

20 ಸಾವಿರ ಕಿಲೋಮೀಟರಿಗೂ ಮೇಲಿರುವ ಉಪಗ್ರಹಗಳ ಪೈಕಿ ನಾಲ್ಕಾದರೂ ಸಿಕ್ಕರೆ ಫೋನು ಲೆಕ್ಕ ಹಾಕುತ್ತೆ. ಬಯಲಿನಲ್ಲಿ ನಿಂತರೆ ಸುಮಾರು ಐದು ಮೀಟರಿನೊಳಗೆ ಸರಿ. ದಟ್ಟ ಮರ, ಎತ್ತರದ ಕಟ್ಟಡಗಳ ನಡುವೆ ಸಂಕೇತ ತಡೆದು, ಗೋಡೆಗೆ ಬಡಿದು ಬರುವುದರಿಂದ ಪರದೆಯ ಚುಕ್ಕಿ ಅತ್ತಿತ್ತ ಅಲೆದಾಡುತ್ತೆ.

ನೆಟ್ ಇಲ್ಲದಿದ್ದರೆ ಜಿಪಿಎಸ್ಸೂ ಇಲ್ಲ ಅಂತ ಹಲವರು ತಿಳಿದಿದ್ದಾರೆ. ತಪ್ಪು. ನೆಟ್ ಬೇಕಾದದ್ದು ನಕಾಶೆ ತರಿಸಿಕೊಳ್ಳಲು. ಮನೆಯಲ್ಲೇ ನಕಾಶೆ ಇಳಿಸಿಕೊಂಡು ಹೊರಟರೆ ಟವರ್ ಇಲ್ಲದ ಕಾಡಿನಲ್ಲೂ ಚುಕ್ಕಿ ತೋರುತ್ತೆ.

ರಸ್ತೆ ತೋರಿಸುವ ನಕಾಶೆ ರಸ್ತೆಯ ಅಂಚಿಗೆ ಬಿಟ್ಟು ಕೈತೊಳೆದುಕೊಳ್ಳುತ್ತೆ. ಅಲ್ಲಿಂದ ಮುಂದೆ ದಿಕ್ಕಿನ ಬಾಣ ಹಿಡಿದು ನಡೆಯಬೇಕು. ಕೊನೆಯ ಐದು ಮೀಟರಿಗೆ ಫೋನನ್ನು ಜೇಬಿಗೆ ಹಾಕಿ ಕಣ್ಣು ಬಿಡಬೇಕು. ಯಾರೋ ಜೋಡಿಸಿಟ್ಟಂತಿರುವ ಕಲ್ಲು, ಮರದ ಬುಡದ ಪೊಟರೆ, ಬೇಲಿ ಕಂಬದ ಸಂದು. ಕೆಲವು ಡಬ್ಬಿಗಳಂತೂ ಹಳೇ ಫೋಟೋ ರೀಲಿನ ಡಬ್ಬಿಯಷ್ಟೇ ಚಿಕ್ಕವು.

ಅಂಗಡಿ ಬೀದಿಯಲ್ಲಿ ಬಾಂಬು!

ಕಾಡಿನ ಆಟ ಪೇಟೆಗೆ ಬಂದರೆ? ಇಂಗ್ಲೆಂಡಿನ ವೆದರ್ಬಿ ಎಂಬ ಪೇಟೆಯಲ್ಲಿ 2011ರ ಜುಲೈಯಲ್ಲಿ ಹೂವಿನ ತೊಟ್ಟಿಯ ಕೆಳಗೆ ಒಬ್ಬಾತ ಪ್ಲಾಸ್ಟಿಕ್ ಡಬ್ಬಿ ಇಡುವುದು ಜನರ ಕಣ್ಣಿಗೆ ಬಿತ್ತು. ಬಾಂಬೆಂದು ಹೆದರಿ ಪೊಲೀಸರಿಗೆ ತಿಳಿಸಿದರು. ಬೀದಿ ಮುಚ್ಚಿತು, ವ್ಯಾಪಾರ ನಿಂತಿತು. ಸೇನೆಯವರು ಬಂದು ಡಬ್ಬಿಯನ್ನು ಸ್ಫೋಟಿಸಿದರು. ನೋಡಿದರೆ ಅದು ಆಟದ ಡಬ್ಬಿ! ಹುಡುಗಾಟಕ್ಕೆ ಇಟ್ಟದ್ದು ಊರಿಗೇ ಸಂಕಟ ತಂದಿತು. ಕಂಡವರು ಪೊಲೀಸರಿಗೆ ತಿಳಿಸಿದ್ದು ಮಾತ್ರ ಸರಿಯೇ. ವಾರಸುದಾರರಿಲ್ಲದ ವಸ್ತು ಕಂಡರೆ ಯಾವ ಬಸ್ ನಿಲ್ದಾಣದಲ್ಲೂ ಮಾಡಬೇಕಾದದ್ದು ಅದನ್ನೇ.

ಹಾಗಾಗಿಯೇ ಈ ಆಟಕ್ಕೆ ನಿಯಮಗಳಿವೆ. ಜಾಗದ ಒಡೆಯರ ಒಪ್ಪಿಗೆ ಬೇಕು. ಡಬ್ಬಿ ಇಡಲು ನೆಲ ಅಗೆಯಬಾರದು. ತಿನ್ನುವ ಪದಾರ್ಥ ಇಡಬಾರದು. ಅಂದರೆ ಅರ್ಧ ಹೂತಿದ್ದ, ಬೀನ್ಸ್ ತುಂಬಿಕೊಂಡಿದ್ದ ಆ ಮೊದಲನೇ ಬಕೆಟ್ಟು ಇಂದು ಎರಡು ಲೆಕ್ಕದಲ್ಲಿ ನಾಪಾಸು!

ಜಾಗ ಎಲ್ಲಿದೆ ಅಂತ ಉಪಗ್ರಹ ಹೇಳುತ್ತೆ. ಜಾಗ ಯಾರದು ಅಂತ ಮಾತ್ರ ಎದುರಿನ ಅಂಗಡಿಯವರನ್ನೇ ಬಾಯಿಬಿಟ್ಟು ಕೇಳಬೇಕು.