249 ಸುತ್ತು

ಬಲಗೈ ಮಣಿಕಟ್ಟು ಒಂದು ಹಗ್ಗದ ಕುಣಿಕೆಯಲ್ಲಿ. ಕೆಳಗೆ ಸುಮಾರು 50 ಅಡಿ ಆಳ, ಬಲೆ ಇಲ್ಲ. ನೇತಾಡುವ ಹೆಂಗಸು ಒಮ್ಮೆ ಮೈಯನ್ನು ಜೀಕಿ, ಕಾಲುಗಳನ್ನು ತಲೆಯ ಮೇಲಕ್ಕೆಸೆದು, ತನ್ನದೇ ಭುಜದ ಸುತ್ತ ಗಾಣದಂತೆ ಒಂದು ಸುತ್ತು ತಿರುಗುತ್ತಾಳೆ. ಡೋಲು ಒಮ್ಮೆ ಬಡಿಯುತ್ತದೆ. ಡೇರೆಯೊಳಗಿನ ಸಾವಿರಾರು ಜನ ಒಟ್ಟಿಗೆ ಕೂಗುತ್ತಾರೆ: ಒಂದು! ಮತ್ತೆ ಜೀಕು, ಮತ್ತೆ ಸುತ್ತು: ಎರಡು! ಪ್ರತಿ ಸುತ್ತಿಗೂ ಭುಜದ ಕೀಲು ಅರ್ಧ ತಪ್ಪಿ ಮತ್ತೆ ತನ್ನ ಗೂಡಿಗೆ ಬಂದು ಕೂರುತ್ತದೆ.

ಆಕೆಯ ಹೆಸರು ಲಿಲಿಯನ್ ಲೀಟ್ಜೆಲ್. 1892ರಲ್ಲಿ ಆಗಿನ ಜರ್ಮನಿಯ ಬ್ರೆಸ್ಲಾವ್ ನಗರದಲ್ಲಿ ಹುಟ್ಟಿದವಳು. ಎತ್ತರ 4 ಅಡಿ 9 ಅಂಗುಲ, ತೂಕ ಸುಮಾರು 43 ಕಿಲೋ. ನಮ್ಮ ದಿನಸಿ ಅಂಗಡಿಯ 50 ಕಿಲೋ ಅಕ್ಕಿ ಮೂಟೆಗಿಂತ ಹಗುರ. ಒಂದು ಆಟದಲ್ಲಿ 60ರಿಂದ 100 ಸುತ್ತು ಆಕೆಗೆ ಮಾಮೂಲು. ಆಕೆಯ ಹೆಸರಿನಲ್ಲಿರುವ ದಾಖಲೆ 249.

ಕಡಿಮೆಯದನ್ನೇ ಹಿಡಿದು ಲೆಕ್ಕ ಹಾಕಿ ನೋಡಿದೆ. ಆಟಕ್ಕೆ 60 ಸುತ್ತು, ದಿನಕ್ಕೆ 2 ಆಟ: 120. ವರ್ಷಕ್ಕೆ 150 ದಿನ ಆಟ ನಡೆದರೆ 18,000. ಅಮೆರಿಕದ ದೊಡ್ಡ ಸರ್ಕಸ್ಸಿನಲ್ಲಿ ಆಕೆ ಮೆರೆದದ್ದು ಸುಮಾರು 15 ವರ್ಷ. ಅಲ್ಲಿಗೆ ಎರಡೂವರೆ ಲಕ್ಷ ದಾಟಿತು. ಎರಡೂವರೆ ಲಕ್ಷ ಸಲ ಒಂದೇ ಭುಜ ಕೀಲು ತಪ್ಪಿ ಕೂತಿದೆ. ಹಗ್ಗ ಉಜ್ಜಿ ಉಜ್ಜಿ ಆ ಕೈಮೇಲೆ ಆಗಿದ್ದ ಗಾಯಕ್ಕೆ ಮಾಯಲು ಬಿಡುವೇ ಇರಲಿಲ್ಲ. ನೋಡುವವರಿಗೆ ಅದು ಕಾಣದಂತೆ ಬಟ್ಟೆಯಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

ಎಣಿಸುತ್ತಿದ್ದ ಜನ ಎಷ್ಟಿದ್ದರು? ಕನ್ಸಾಸ್ ರಾಜ್ಯದ ಕಾಂಕಾರ್ಡಿಯಾ ಸುಮಾರು 5 ಸಾವಿರ ಜನರ ಸಣ್ಣ ಊರು. 1924ರ ಸೆಪ್ಟೆಂಬರ್ 13ರಂದು ಅಲ್ಲಿಗೆ ಬಂದ ರಿಂಗ್ಲಿಂಗ್ ಬ್ರದರ್ಸ್ ಅಂಡ್ ಬಾರ್ನಮ್ ಅಂಡ್ ಬೈಲಿ ಸರ್ಕಸ್ಸಿನ ಒಂದೇ ಡೇರೆಯೊಳಗೆ 16,702 ಮಂದಿ ಸೇರಿದ್ದರು. ಊರಿನ ಮೂರು ಪಟ್ಟು! ಸುತ್ತಲ ಸೀಮೆಯವರೆಲ್ಲ ಮನೆಗೆ ಬೀಗ ಹಾಕಿಕೊಂಡು, ನಮ್ಮಲ್ಲಿ ತೇರಿಗೆ ಬರುವಂತೆ ಬಂದಿರಬೇಕು. ಲೀಟ್ಜೆಲ್ ಆ ವರ್ಷಗಳಲ್ಲಿ ಇದೇ ಕಂಪನಿಯ ಅತಿ ದೊಡ್ಡ ತಾರೆ. ಆಕೆ ಹಗ್ಗ ಏರಿದಾಗ ಮಿಕ್ಕ ರಿಂಗುಗಳ ಆಟವೆಲ್ಲ ನಿಲ್ಲುತ್ತಿತ್ತು.

ಆ ಕಂಪನಿ ಊರಿಂದೂರಿಗೆ ಹೋಗುತ್ತಿದ್ದದ್ದು 4 ರೈಲುಗಳಲ್ಲಿ, ಒಟ್ಟು 100 ಬೋಗಿ. ನಮ್ಮ ಉದ್ದನೆಯ ಎಕ್ಸ್‌ಪ್ರೆಸ್ ರೈಲಿಗೂ ಸಾಮಾನ್ಯವಾಗಿ 24 ಬೋಗಿ ದಾಟುವುದಿಲ್ಲ. ಸಾವಿರಕ್ಕೂ ಹೆಚ್ಚು ಜನ, ನೂರಾರು ಕುದುರೆ, ಆನೆಗಳ ಹಿಂಡು. ಬೆಳಗಿನ ಜಾವ ಬಂದಿಳಿದರೆ ಮಧ್ಯಾಹ್ನದ ಹೊತ್ತಿಗೆ ಬಯಲಿನಲ್ಲಿ ಡೇರೆಗಳ ಊರು ಎದ್ದಿರುತ್ತಿತ್ತು. ಎರಡು ಆಟ ಮುಗಿದ ರಾತ್ರಿಯೇ ಎಲ್ಲ ಕಳಚಿ ಮತ್ತೆ ಬೋಗಿಗೇರಿಸಿ ಹೊರಟುಬಿಡುತ್ತಿದ್ದರು.

ಮನೆಯ ಹೊಸ್ತಿಲು ದಾಟಿದ ಹೆಂಗಸರು ಈ ಸಂಚಾರಿ ಊರಿನಲ್ಲಿ ಸಂಬಳ ಎಣಿಸಿಕೊಂಡರು. ಸ್ವಾತಂತ್ರ್ಯ ಪೂರ್ತಿಯಾಗಿ ಸಿಕ್ಕಿತ್ತು ಎನ್ನಲಾರೆ. ಗುಂಪಿನಲ್ಲಿ ಕುಣಿಯುವ ಹುಡುಗಿಯರಿಗೆ ರಿಂಗ್ಲಿಂಗ್ ಕಂಪನಿ ಕಟ್ಟುನಿಟ್ಟಿನ ನಿಯಮ ಮಾಡಿತ್ತು: ರಾತ್ರಿ 11ರೊಳಗೆ ಮಲಗುವ ಬೋಗಿಯಲ್ಲಿ ಹಾಜರಿರಬೇಕು, ಹೋಟೆಲಿನಲ್ಲಿ ಉಳಿಯಬಾರದು, ಕಂಪನಿಯ ಗಂಡಸರೊಡನೆ ಮಾತಾಡಬಾರದು. ಹಾಸ್ಟೆಲಿನಲ್ಲಿ ಓದಿದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂಟಿ ಹಗ್ಗದಲ್ಲಿ ಪ್ರಾಣ ಒತ್ತೆಯಿಡುವವಳನ್ನು ನಂಬಿದ ಕಂಪನಿಗೆ, ಕುಣಿಯುವ ಹುಡುಗಿ ಸಂಜೆ ಊರು ಸುತ್ತಿ ಬರುತ್ತಾಳೆಂದರೆ ನಂಬಿಕೆ ಇರಲಿಲ್ಲ.

ಸರ್ಕಸ್ಸಿನ ಹೆಂಗಸರು ಸುಮ್ಮನಿರಲಿಲ್ಲ. 1912ರ ವಸಂತದಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾರ್ನಮ್ ಅಂಡ್ ಬೈಲಿ ಸರ್ಕಸ್ಸಿನ ಹೆಂಗಸರು ಸೇರಿ ಮತದಾನದ ಹಕ್ಕಿಗಾಗಿ ಒಂದು ಸಂಘ ಕಟ್ಟಿದರು. ಕುದುರೆ ಸವಾರಿಯ ಜೋಸೆಫೀನ್ ಡಿಮಾಟ್ ರಾಬಿನ್ಸನ್ ಮುಂದೆ ನಿಂತರು. ಆಗಷ್ಟೇ ಹುಟ್ಟಿದ್ದ ಜಿರಾಫೆ ಮರಿಗೆ ‘ಮಿಸ್ ಸಫ್ರೇಜ್’ ಎಂದು, ಅಂದರೆ ಮತದಾನದ ಹಕ್ಕಿನ ಹೆಸರನ್ನೇ ಇಟ್ಟರು. ನ್ಯೂಯಾರ್ಕ್ ರಾಜ್ಯದ ಹೆಂಗಸರಿಗೆ ಆ ಹಕ್ಕು ಸಿಗಲು ಇನ್ನೂ 5 ವರ್ಷವಿತ್ತು, ಇಡೀ ದೇಶದಲ್ಲಿ ಅದು ಸಂವಿಧಾನದ ಮಾತಾಗಲು 8 ವರ್ಷ.

ಆ ಸಂಘದ ಉಪಾಧ್ಯಕ್ಷೆ ಕೇಟಿ ಸ್ಯಾಂಡ್ವಿನಾ. ಆರಡಿಯ ಆಳು. 75 ಕಿಲೋ ತೂಗುತ್ತಿದ್ದ ಗಂಡನನ್ನು ಒಂದೇ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿಯುವುದು ಆಕೆಯ ದಿನನಿತ್ಯದ ಆಟ. ತನ್ನನ್ನು ಕುಸ್ತಿಯಲ್ಲಿ ಗೆದ್ದರೆ ಹಣ ಕೊಡುವ ಪಂಥವಿತ್ತು. ಅದಕ್ಕೆ ಬಂದು ಸೋತ ಮ್ಯಾಕ್ಸ್ ಎಂಬ ಹುಡುಗನನ್ನೇ ಮದುವೆಯಾದಳು ಎಂಬ ಕಥೆ ಸರ್ಕಸ್ಸಿನವರಲ್ಲಿ ಇವತ್ತಿಗೂ ಉಳಿದಿದೆ.

ಸರ್ಕಸ್ಸಿನ ಇನ್ನೊಬ್ಬ ಹೆಂಗಸು ಮೇಬಲ್ ಸ್ಟಾರ್ಕ್ ನರ್ಸ್ ಕೆಲಸ ಕಲಿತವಳು. ಅದನ್ನು ಬಿಟ್ಟು ಹುಲಿಗಳ ಪಂಜರ ಹೊಕ್ಕಳು. 1928ರಲ್ಲಿ ಮೇನ್ ರಾಜ್ಯದ ಬ್ಯಾಂಗರಿನಲ್ಲಿ ಹುಲಿಗಳು ಆಕೆಯ ಮೈಯನ್ನು ಸಿಗಿದುಹಾಕಿದವು. ಗಾಯ ಮಾಗುವ ಮೊದಲೇ ಕೋಲೂರಿಕೊಂಡು ಅದೇ ಪಂಜರಕ್ಕೆ ಮರಳಿದಳು. ಹುಲಿಗಳೊಡನೆ ಆಕೆಯ ಬದುಕು ಅರ್ಧ ಶತಮಾನ ದಾಟಿತು.

ಲೀಟ್ಜೆಲ್‌ಗೆ ರಿಂಗ್ಲಿಂಗ್ ರೈಲಿನಲ್ಲಿ ಸ್ವಂತ ಬೋಗಿ ಇತ್ತು, ಒಳಗೊಂದು ಪಿಯಾನೊ ಇತ್ತು. ಸಾವಿರ ಜನರ ಆ ಸಂಚಾರಿ ಊರಿನಲ್ಲಿ, ಆಟ ಮುಗಿಸಿ ಬಂದು ಬಾಗಿಲು ಹಾಕಿಕೊಂಡು ತನ್ನಷ್ಟಕ್ಕೆ ಪಿಯಾನೊ ನುಡಿಸಬಲ್ಲ ಒಂದು ಕೋಣೆ. 249 ಎಷ್ಟು ದೊಡ್ಡದೋ, ನನ್ನ ಮಟ್ಟಿಗೆ ಈ ಒಂದು ಅಷ್ಟೇ ದೊಡ್ಡದು. ಆ ಕಾಲದಲ್ಲಿ ಎಷ್ಟು ಹೆಂಗಸರಿಗೆ ತಾವೇ ದುಡಿದು ಪಡೆದ ಕೋಣೆ ಇತ್ತು?

1931ರ ಫೆಬ್ರುವರಿ 13ರಂದು ಕೋಪನ್‌ಹೇಗನ್ನಿನ ವೇಲೆನ್ಸಿಯಾ ರಂಗಮಂದಿರದಲ್ಲಿ ಆಟದ ನಡುವೆ ಹಗ್ಗ ತಿರುಗಲು ಇದ್ದ ಲೋಹದ ಕೊಂಡಿ ಮುರಿಯಿತು. ಕೈ ಸೋತಿರಲಿಲ್ಲ, ಸೋತದ್ದು ಲೋಹ. ಬಿದ್ದ ಸುದ್ದಿ ಕೇಳಿ ಬರ್ಲಿನ್ನಿನಿಂದ ಓಡಿಬಂದ ಗಂಡ ಆಲ್ಫ್ರೆಡೊ ಕೊಡೋನಾನನ್ನು, ತನಗೇನೂ ಆಗಿಲ್ಲವೆಂದು ನಂಬಿಸಿ ಅವನ ಆಟಕ್ಕೆ ಹಿಂದೆ ಕಳಿಸಿದಳು. 15ರಂದು ತೀರಿಕೊಂಡಳು. ವಯಸ್ಸು 39.

1958ರಲ್ಲಿ ಅಮೆರಿಕದಲ್ಲಿ ಸರ್ಕಸ್ ಕಲಾವಿದರ ಗೌರವ ಪಟ್ಟಿ ತೆರೆದಾಗ ಅದರಲ್ಲಿ ಬರೆದ ಮೊದಲ ಹೆಸರು ಲಿಲಿಯನ್ ಲೀಟ್ಜೆಲ್.