ಸೀಟು ಹಂಚಿಕೊಂಡು ಹೋದ ಗಾಡಿ ಅಪಘಾತವಾದರೆ ಪರಿಹಾರ ಯಾರು ಕೊಡಬೇಕು?



ನೀರಮಾನ್ವಿಯಿಂದ ಮಾನ್ವಿ ಸಂತೆಗೆ, ರಾಯಚೂರು ಆಸ್ಪತ್ರೆಗೆ, ಪಕ್ಕದೂರಿಗೆ ಹತ್ತಿ ಬಿಡಿಸೋಕೆ ನಾವು ಹೇಗೆ ಹೋಗ್ತೀವಿ? 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ನಿಜ. ಆದರೆ ಹೊಲದ ಕೆಲಸದ ಹೊತ್ತಿಗೆ ಬಸ್ಸು ಸಿಗಬೇಕಲ್ಲ! ಹಾಗಾಗಿ ಟಂಟಂ, ಆಟೋ, ಕ್ರೂಸರ್, ಅದೂ ಇಲ್ಲದಿದ್ದರೆ ಟ್ರ್ಯಾಕ್ಟರ್ ಟ್ರಾಲಿ. ಇದ್ದ ಜಾಗದಲ್ಲೇ ಒತ್ತಿಕೊಂಡು ಕೂತು, ತಲೆಗಿಷ್ಟು ಅಂತ ಬಾಡಿಗೆ ಕೊಡ್ತೀವಿ.

2022ರ ಆಗಸ್ಟ್ 25ರಂದು ಹೀಗೇ ನಮ್ಮ ರಾಯಚೂರು ಜಿಲ್ಲೆಯ ಕೂಲಿ ಜನ ಒಂದೇ ಕ್ರೂಸರ್‌ನಲ್ಲಿ 20ಕ್ಕೂ ಹೆಚ್ಚು ಮಂದಿ ಕೂತು ಬೆಂಗಳೂರಿಗೆ ಹೊರಟಿದ್ದರು. ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಹತ್ತಿರ ಅವರ ಗಾಡಿಗೂ ಲಾರಿಗೂ ಡಿಕ್ಕಿಯಾಗಿ 9 ಮಂದಿ ಪ್ರಾಣ ಬಿಟ್ಟರು. ಪ್ರಧಾನಿಯವರ ಪರಿಹಾರ ನಿಧಿಯಿಂದ ಸತ್ತವರ ಮನೆಯವರಿಗೆ ತಲಾ 2 ಲಕ್ಷ ರೂಪಾಯಿ ಪ್ರಕಟವಾಯಿತು. ಇಂಥ ಹಣ ಸರ್ಕಾರದ ನೆರವು. ಕಾನೂನಿನ ಪರಿಹಾರ ಬೇರೆ, ಅದು ನಮ್ಮ ಹಕ್ಕು. ನೆರವು ಬಂತು ಅಂತ ಹಕ್ಕನ್ನು ಬಿಡಬಾರದು.

ತಪ್ಪು ಯಾರದು?

"ನಾವೇ ತುಂಬಿದ ಗಾಡಿ ಹತ್ತಿದ್ವಿ, ಯಾರನ್ನ ಕೇಳೋದು?" ಅಂತ ಸಂಘದ ಸಭೆಗಳಲ್ಲಿ ಅಕ್ಕಂದಿರು ಹೇಳುವುದುಂಟು. ಕಾನೂನು ಹಾಗೆ ನೋಡುವುದಿಲ್ಲ. ಗಾಡಿ ಓಡಿಸಿದವನು ಡ್ರೈವರ್. ಅವನ ಅಜಾಗರೂಕತೆಗೆ ಗಾಡಿಯ ಮಾಲೀಕನೂ ಹೊಣೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಮಾಲೀಕ ವಿಮೆ ಮಾಡಿಸಲೇಬೇಕು, ಅವನ ಪರವಾಗಿ ಹಣ ಕೊಡಬೇಕಾದ್ದು ವಿಮಾ ಕಂಪನಿ. ಎರಡು ಗಾಡಿಗಳ ಡ್ರೈವರ್‌ಗಳದ್ದೂ ತಪ್ಪಿದ್ದರೆ ಒಳಗೆ ಕೂತವರು ಯಾವ ಗಾಡಿಯ ಕಡೆಯಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ಆದರೆ ವಿಮಾ ಕಂಪನಿ ಕೊಡುತ್ತಾ ಇಲ್ವಾ ಅನ್ನೋದು ನಾವು ಯಾವ ಗಾಡಿ ಹತ್ತಿದ್ದೇವೆ ಅನ್ನೋದರ ಮೇಲೆ ನಿಂತಿದೆ. ಇದನ್ನು ಸರಿಯಾಗಿ ತಿಳಿದುಕೊಳ್ಳೋಣ.

1. ಹಳದಿ ನಂಬರ್ ಪ್ಲೇಟಿನ ಆಟೋ, ಟಂಟಂ, ಕ್ರೂಸರ್: ಇವು ಬಾಡಿಗೆಗೆ ಓಡುವ ಗಾಡಿಗಳು. ಜನ ಕೂರುವ ಗಾಡಿಯಾದರೆ, ವಿಮೆ ಚಾಲ್ತಿಯಲ್ಲಿದ್ದರೆ ಪ್ರಯಾಣಿಕರಿಗೂ ರಕ್ಷಣೆ ಇರುತ್ತೆ. ಆದರೆ ಎಷ್ಟು ಸೀಟಿಗೆ ವಿಮೆ ಇದೆಯೋ ಅಷ್ಟಕ್ಕೆ ಮಾತ್ರ. ಉದಾಹರಣೆಗೆ, 10 ಸೀಟಿನ ಗಾಡಿಯಲ್ಲಿ 20 ಜನ ಇದ್ದರೆ ಕಂಪನಿ 10 ಜನರ ಲೆಕ್ಕದ ಹಣ ಮಾತ್ರ ಕಟ್ಟುತ್ತೆ. ಅದನ್ನು ಎಲ್ಲರಿಗೂ ಪಾಲು ಹಂಚಿ, ಉಳಿದದ್ದನ್ನು ಮಾಲೀಕನಿಂದ ವಸೂಲಿ ಮಾಡಬೇಕು. 2007ರ ಸುಪ್ರೀಂ ಕೋರ್ಟ್ ತೀರ್ಪು ಹೀಗಿದೆ. ಅಂದರೆ ತುಂಬಿದ ಗಾಡಿಯಲ್ಲಿ ಸೀಟು ಹಂಚಿಕೊಂಡವರು ಪರಿಹಾರವನ್ನೂ ಹಂಚಿಕೊಳ್ಳಬೇಕಾಗುತ್ತೆ.

2. ಬಿಳಿ ಪ್ಲೇಟಿನ ಸ್ವಂತ ಗಾಡಿ: ಇದನ್ನು ಬಾಡಿಗೆಗೆ ಓಡಿಸುವ ಹಾಗಿಲ್ಲ. ಬಾಡಿಗೆ ಕೊಟ್ಟು ಹೋಗಿದ್ದರೆ ವಿಮಾ ಕಂಪನಿ ತಕರಾರು ತೆಗೆಯುತ್ತೆ.

3. ಗೂಡ್ಸ್ ಗಾಡಿ, ಲಾರಿ: ಇವು ಸಾಮಾನಿಗೆ, ಜನಕ್ಕಲ್ಲ. ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಮಾನಿಸಿದೆ. ಆದರೆ ಸಾಮಾನಿನ ಜೊತೆ ಹೋಗುವ ಅದರ ಮಾಲೀಕರಿಗೆ ಅಥವಾ ಅವರು ಕಳಿಸಿದ ವ್ಯಕ್ತಿಗೆ ರಕ್ಷಣೆ ಉಂಟು. 2025ರ ಜನವರಿ 22ರಂದು ಹಣ್ಣು-ತರಕಾರಿ ಹೇರಿದ ಲಾರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ 10 ಮಂದಿ ಯಲ್ಲಾಪುರದ ಹತ್ತಿರ ಸತ್ತರು. ಇಂಥ ಪ್ರಸಂಗದಲ್ಲಿ ಸರಕು ಯಾರದು, ಕ್ಯಾಬಿನ್‌ನಲ್ಲಿ ಕೂತಿದ್ದರಾ ಇಲ್ಲಾ ಸರಕಿನ ಮೇಲಾ ಅನ್ನೋದೆಲ್ಲ ಪ್ರಶ್ನೆಗೆ ಬರುತ್ತೆ. ಸಂತೆಗೆ ಮಾಲು ಒಯ್ಯುವವರು ಚೀಟಿ, ರಸೀದಿ ಇಟ್ಟುಕೊಳ್ಳಿ.

4. ಮೊಬೈಲ್ ಆ್ಯಪ್‌ನಲ್ಲಿ ಕರೆಸಿದ ಗಾಡಿ: ಬೆಂಗಳೂರಿನಲ್ಲಿ ದುಡಿಯುವ ನಮ್ಮ ಮಕ್ಕಳು ಇದರಲ್ಲಿ ಓಡಾಡ್ತಾರೆ. ಅಲ್ಲೂ ಮೊದಲು ಕೇಳಬೇಕಾದ್ದು ಆ ಗಾಡಿಯ ಮಾಲೀಕ ಮತ್ತು ವಿಮಾ ಕಂಪನಿಯನ್ನೇ. ಪ್ರಯಾಣದ ಬಿಲ್ಲು ಮೊಬೈಲಿನಿಂದ ಅಳಿಸಬಾರದು, ಆ ಗಾಡಿಯಲ್ಲಿದ್ದರು ಅನ್ನೋದಕ್ಕೆ ಅದು ಸಾಕ್ಷಿ.

ವಿಮಾ ಕಂಪನಿ "ನಮ್ಮ ಹೊಣೆಯಲ್ಲ" ಅಂದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಮಾಲೀಕನ ಹೊಣೆ ಹಾಗೇ ಇರುತ್ತೆ. ಎಷ್ಟೋ ಪ್ರಕರಣಗಳಲ್ಲಿ ಕೋರ್ಟು "ಮೊದಲು ನೀವು ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ" ಅಂತ ಕಂಪನಿಗೇ ಆದೇಶ ಮಾಡಿದೆ.

ಅಪಘಾತವಾದಾಗ ಏನು ಮಾಡಬೇಕು?

* ಮೊದಲು ಜೀವ. 112ಕ್ಕೆ ಫೋನ್ ಮಾಡಿ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಂತೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿ ತನಕ ಹಣ ಕಟ್ಟದೆ ಚಿಕಿತ್ಸೆ ಉಂಟು.
* ಗಾಡಿಯ ನಂಬರ್ ಬರೆದುಕೊಳ್ಳಿ. ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ ಎಫ್‌ಐಆರ್ ಪ್ರತಿ ಪಡೆಯಿರಿ. ಗಾಡಿಯಲ್ಲಿದ್ದ ಎಲ್ಲರ ಹೆಸರೂ ಪೊಲೀಸರಿಗೆ ತಿಳಿಸಿ.
* ಆಸ್ಪತ್ರೆಯ ಚೀಟಿ, ಔಷಧಿ ಬಿಲ್ಲು ಒಂದನ್ನೂ ಎಸೆಯಬೇಡಿ.
* ಊರಲ್ಲಿ ರಾಜಿ ಮಾಡಿಸ್ತೀವಿ ಅಂತ ಬಂದವರ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ.
* ಅಪಘಾತವಾದ 6 ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು ಅಂತ 2022ರ ಏಪ್ರಿಲ್‌ನಿಂದ ಕಾನೂನಿದೆ. ಅಪಘಾತ ಸಿರಾದಲ್ಲಿ ಆಗಿದ್ದರೂ ಅಲ್ಲಿಗೆ ಅಲೆಯಬೇಕಿಲ್ಲ, ನಾವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಹಾಕಬಹುದು.

ಇನ್ನೊಂದು ದಾರಿಯೂ ಇದೆ. ಯಾರ ತಪ್ಪು ಅಂತ ಸಾಬೀತು ಮಾಡದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯಬಹುದು. ಆದರೆ ಅದನ್ನು ಒಪ್ಪಿಕೊಂಡರೆ ಹೆಚ್ಚಿನ ಪರಿಹಾರದ ಅರ್ಜಿ ಬಿದ್ದುಹೋಗುತ್ತೆ. ಅದಕ್ಕೇ ಸಹಿ ಮಾಡೋ ಮೊದಲು ವಕೀಲರನ್ನು ಕೇಳಿ. ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತೆ. ತಾಲ್ಲೂಕು ಕೋರ್ಟಿನಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

"ಆಕೆ ಮನೆಯಲ್ಲೇ ಇದ್ದಳು, ದುಡಿಮೆ ಎಲ್ಲಿತ್ತು?" ಅಂತ ಯಾರಾದರೂ ಕೇಳಿದರೆ ಸುಮ್ಮನಿರಬೇಡಿ. ಮನೆಗೆಲಸಕ್ಕೂ ಬೆಲೆ ಕಟ್ಟಿಯೇ ಪರಿಹಾರ ಲೆಕ್ಕ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೂ ಹೇಳಿದೆ. ಕೂಲಿ ಮಾಡುವವರಿಗೆ ಸಂಬಳದ ಚೀಟಿ ಇರಲ್ಲ. ಸಂಘದ ಉಳಿತಾಯ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಆಗ ನಮ್ಮ ದುಡಿಮೆಗೆ ಸಾಕ್ಷಿ ಹೇಳುತ್ತವೆ. ವಾರವಾರ ಬರೆಸೋದನ್ನು ತಪ್ಪಿಸಬೇಡಿ.

ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡೋಣ. ಕೂಲಿಗೆ ದಿನಾ ಕರೆದೊಯ್ಯುವ ಗಾಡಿಯ ನಂಬರ್, ಸೀಟು ಎಷ್ಟು, ವಿಮೆ ಯಾವ ತಾರೀಖಿನವರೆಗೆ ಇದೆ ಅಂತ ಮಾಲೀಕನನ್ನು ಕೇಳಿ ಸಂಘದ ಪುಸ್ತಕದಲ್ಲಿ ಬರೆದಿಡೋಣ. ಒಬ್ಬಳೇ ಕೇಳಿದರೆ "ಬೇಕಿದ್ರೆ ಹತ್ತು, ಇಲ್ಲಾಂದ್ರೆ ಬಿಡು" ಅಂತಾನೆ. ಇಪ್ಪತ್ತು ಮಂದಿ ಸೇರಿ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತೆ.